ಸೊಪ್ಪಿನ ರಸ: ಸಾಗರದಿಂದ ತೀರ್ಥಹಳ್ಳಿಗೆ

ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ ಕಾಲೇಜಿನ ಪಾಠ ಮುಗಿಸಿ ನೇರ ಸಾಗರದ ಬಸ್ ನಿಲ್ದಾಣಕ್ಕೆ ಬಂದೆ. ಹೊಸನಗರದಲ್ಲಿ ಅಕ್ಕನ ಮನೆಯಲ್ಲಿ ಉಳಿದು, ಶನಿವಾರ ತೀರ್ಥಹಳ್ಳಿ ಸೇರಿ, ಭಾನುವಾರ ಬೆಳಿಗ್ಗೆ ಅಲ್ಲಿನ ಒಂದು ಮಹಿಳಾ ಸಂಘದಲ್ಲಿ ಮಾತಾಡಿ ವಾಪಸಾಗುವುದು ನನ್ನ ಯೋಚನೆ. ವಿಷಯ ಸಂಘದವರೇ ಆರಿಸಿದ್ದು: ಮನೆಯಲ್ಲಿ ಸುಗಂಧ ತೈಲಗಳನ್ನು ಅಪಾಯವಿಲ್ಲದೆ ಬಳಸುವುದು ಹೇಗೆ. ಈಗ ನೀಲಗಿರಿ, ಲವಂಗ, ಪುದೀನ, ಲೆಮನ್ ಗ್ರಾಸ್ ಎನ್ನುವ ಮಜ್ಜಿಗೆ ಹುಲ್ಲು ಅಂತ ಒಂದಲ್ಲ ಒಂದು ಪುಟ್ಟ ಬಾಟಲಿ ಇಲ್ಲದ ಮನೆ ಕಡಿಮೆ. ಕೆಲವರು ಮೊಬೈಲಿನಲ್ಲಿ ತರಿಸಿರುತ್ತಾರೆ, ಕೆಲವರು ಸಂತೆಯಲ್ಲಿ ಕೊಂಡಿರುತ್ತಾರೆ. ಎಷ್ಟು ಹನಿ, ಯಾತಕ್ಕೆ, ಯಾರಿಗೆ ಕೂಡದು ಎಂದು ಹೇಳುವವರಿಲ್ಲ. ನಾನು ಕೆಮಿಸ್ಟ್ರಿಯ ಅತಿಥಿ ಉಪನ್ಯಾಸಕಿ. ಲ್ಯಾಬಿನಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮಜ್ಜಿಗೆ ಹುಲ್ಲಿನಿಂದ ತೈಲ ಇಳಿಸಿದ್ದೇನೆ. ಒಂದು ಹೊರೆ ಹುಲ್ಲಿಗೆ ಬಾಟಲಿಯ ತಳ ಮುಚ್ಚುವಷ್ಟು ಬರುವುದನ್ನು ಕಣ್ಣಾರೆ ಕಂಡವಳು.

ಆಮಂತ್ರಣದಲ್ಲಿ ನನ್ನ ಹೆಸರಿನ ಜೊತೆ ಎಂ.ಎಸ್ಸಿ. ಎಂದು ಹಾಕಿದ್ದರು. ಫೋನಿನಲ್ಲಿ ಅದನ್ನು ಮತ್ತೆ ಮತ್ತೆ ತೆಗೆದು ನೋಡಿದೆ, ಸುಳ್ಳೇಕೆ ಹೇಳಲಿ. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮಾಡಿದ್ದು ನಾನೊಬ್ಬಳೇ. ಅಜ್ಜ ಗೇಣಿ ಮಾಡಿದವರು. ಜಮೀನು ನಮ್ಮ ಹೆಸರಿಗೆ ಆದ ಮೇಲೂ ಅಪ್ಪ ಹೆಬ್ಬೆಟ್ಟು ಒತ್ತಿಯೇ ಹೋದರು. ಸರೋಜಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಂಡವರ ಮನೆಗೆ ಅಡಿಕೆ ಸುಲಿಯಲು ಹೋದಳು. ನನ್ನ ಹಾಸ್ಟೆಲ್ಲು, ನನ್ನ ಪುಸ್ತಕ ಎಲ್ಲ ಅವಳ ಬೆರಳಿನಿಂದ ಬಂದದ್ದು. ನಾನು ಕಲಿತಿದ್ದೇನೆ ಅಂದರೆ ನಾವಿಬ್ಬರೂ ಸೇರಿ ಕಲಿತಿದ್ದೇವೆ ಅಂತಲೇ ಅರ್ಥ.

ಸಿಕ್ಕಿದ್ದು ಖಾಸಗಿ ಬಸ್ಸು. ಹೆಂಗಸರಿಗೆ ಟಿಕೆಟ್ ಇಲ್ಲ ಎಂಬುದು ಸರ್ಕಾರಿ ಬಸ್ಸಿಗೆ. ನಮ್ಮ ದಾರಿಯಲ್ಲಿ ಅದನ್ನು ಕಾಯುತ್ತ ನಿಂತರೆ ಸಂಜೆಯಾಗುತ್ತದೆ. ಐವತ್ತೈದು ರೂಪಾಯಿ ಕೊಟ್ಟೆ. ಮಾದರಿಗೆಂದು ತಂದಿದ್ದ ಬಾಟಲಿಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಟವೆಲ್ ಸುತ್ತಿದ್ದರೂ ಒಂದರ ಮುಚ್ಚಳ ಸಡಿಲವಾಗಿತ್ತು ಅಂತ ಕಾಣುತ್ತದೆ. ಕಂಡಕ್ಟರ್ ಮೂಗೇರಿಸಿದ.

"ಬ್ಯಾಗಲ್ಲಿ ಎಂತ ಇಟ್ಟೀರಿ ಮೇಡಂ? ನಂಗೆ ನಿನ್ನೆಯಿಂದ ಶೀತ ಇತ್ತು, ನಿಮ್ಮ ಸೀಟಿನ ಹತ್ರ ಬಂದಿದ್ದೇ ಬಿಟ್ಟೋಯ್ತು."

"ಹಾಗಾದ್ರೆ ಟಿಕೆಟ್ ದುಡ್ಡು ವಾಪಸ್ ಕೊಡಿ, ಡಾಕ್ಟ್ರ ಫೀಸು ಅಂತ."

"ಡಾಕ್ಟ್ರಾದ್ರೆ ಕಾರಲ್ಲಿ ಓಡಾಡ್ತಿದ್ರಿ," ಎಂದು ನಗುತ್ತ ಮುಂದೆ ಹೋದ.

ಮಳೆ ನಿಂತು ಎಷ್ಟೋ ದಿನವಾಗಿ ರಸ್ತೆಯ ಇಕ್ಕೆಲದ ಗಿಡಗಳ ಮೇಲೆ ಕೆಂಪು ಧೂಳು ಕೂತಿತ್ತು. ಬಟ್ಟೆಮಲ್ಲಪ್ಪದಲ್ಲಿ ಬಸ್ಸು ನಿಂತಾಗ ಒಂದು ಬನ್ಸ್ ತಿಂದು ಚಾ ಕುಡಿದೆ. ಹೋಟೆಲಿನ ಗೋಡೆಯ ಮೇಲೆ ಮಂಗನ ಕಾಯಿಲೆಯ ಭಿತ್ತಿಪತ್ರ ಇತ್ತು: ಸತ್ತ ಮಂಗ ಕಂಡರೆ ತಿಳಿಸಿ, ಕಾಡಿಗೆ ಹೋಗುವ ಮುಂಚೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ. ಉಣುಗು ಕಚ್ಚದಿರಲೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚುವ ಎಣ್ಣೆ ಅದು. ಬೇಸಿಗೆ ಬಂತೆಂದರೆ ಈ ಮೂರು ತಾಲ್ಲೂಕಿನಲ್ಲಿ ಜ್ವರ ಎಂಬ ಮಾತಿಗೇ ಜನ ನಡುಗುತ್ತಾರೆ.

ಅಕ್ಕನ ಮನೆ ಸಾಗರದ ರಸ್ತೆಯಲ್ಲಿ, ಹೊಸನಗರ ಪೇಟೆಗೆ ಒಂದು ಕಿಲೋಮೀಟರ್ ಮೊದಲೇ. ಸಿಮೆಂಟ್ ಶೀಟಿನ ಮನೆ. ಅಂಗಳದಲ್ಲಿ ಭಾವನ ಲಗೇಜ್ ಆಟೋ. ಅಕ್ಕನ ಅತ್ತೆ ಗಿರಿಜಮ್ಮ ಬಾಗಿಲಲ್ಲೇ ಇದ್ದರು. ನಾನೂ ಅವರನ್ನು ಅತ್ತೆ ಎಂದೇ ಕರೆಯುವುದು.

"ಬಂದ್ರಾ ಟೀಚರಮ್ಮ? ಬಸ್ಸು ಬಂದಿದ್ದು ಕೇಳ್ಲಿಲ್ಲ, ನಿನ್ನ ವಾಸನೆ ಮೊದ್ಲೇ ಬಂತು."

ಚಿನ್ನಿ ಓಡಿಬಂದಳು. ಅಕ್ಕನಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ಮಗು, ಎರಡೂವರೆ ತುಂಬಿತ್ತು. "ಚಿಕ್ಕೀ, ಮೂಗು" ಎಂದು ಸೋರುವ ಮೂಗನ್ನು ನನ್ನ ಚೂಡಿದಾರಕ್ಕೇ ಒರೆಸಿದಳು. ಎರಡು ದಿನದಿಂದ ಶೀತ, ಜ್ವರ ಇಲ್ಲ ಎಂದಳು ಅಕ್ಕ.

ಊಟವಾದ ಮೇಲೆ ಅಕ್ಕನೇ ಒತ್ತಾಯ ಮಾಡಿದಳು. "ಅಲ್ಲಿ ಹೇಳೋದನ್ನ ನಮ್ಗೂ ಒಂದ್ಸಲ ಹೇಳೇ. ನಮ್ಮನೆ ಹುಡುಗಿ ಭಾಷಣ ನಾವೇ ಕೇಳ್ಲಿಲ್ಲ ಅಂತಾಗ್ಬಾರ್ದು."

ಎದ್ದು ನಿಂತು ಹೇಳಿದೆ. ಸುಗಂಧ ತೈಲವನ್ನು ನೇರ ಮೈಗೆ ಹಚ್ಚಬಾರದು. ದೊಡ್ಡವರಿಗಾದರೂ ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಸಾಕು. ಕುಡಿಯುವುದಂತೂ ಕೂಡದು. ಚಿಕ್ಕ ಮಕ್ಕಳ ಮೂಗು, ಮುಖ, ಎದೆಗೆ ನೀಲಗಿರಿ, ಕರ್ಪೂರದ ಎಣ್ಣೆ ಹಚ್ಚಬೇಡಿ. ಕೈಗೆಟುಕದ ಕಡೆ ಬೀಗ ಹಾಕಿಡಿ. ಭಾವ ಗೋಡೆಗೊರಗಿ ತೂಕಡಿಸುತ್ತಿದ್ದರು. ಅಕ್ಕ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಮಾತಿಗಿಂತ ನಾನು ಮಾತಾಡುವುದೇ ಅವಳಿಗೆ ಮುಖ್ಯವಾಗಿತ್ತು.

ಅತ್ತೆ ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿದರು. "ಚೊಲೊ ಹೇಳ್ದೆ. ನಮ್ಮನೇಲಿ ಅಂಥ ಎಣ್ಣೆಗಿಣ್ಣೆ ಯಾವ್ದೂ ಇಲ್ಲ ಮಾರಾಯ್ತಿ. ತಲೆಗೆ ಕೊಬ್ಬರಿ ಎಣ್ಣೆ, ಕಾಲಿಗೆ ಉಣುಗಿನ ಎಣ್ಣೆ, ಮುಗೀತು."

"ನಿನ್ನ ಬ್ಯಾಗ್ ಹೊರಗಿಡೇ," ಅಂದಳು ಅಕ್ಕ. "ಅನ್ನಕ್ಕೂ ಅದೇ ವಾಸನೆ ಹೊಡೀತಿದೆ."

ಶನಿವಾರ ಬೆಳಗಿನ ಜಾವ ಮಗು ಕೆಮ್ಮುವುದು ಕೇಳಿತು. ಅತ್ತೆ ಅವಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಅಕ್ಕ ಹೊರಗೆ ನಲ್ಲಿ ನೀರು ಹಿಡಿಯುತ್ತಿದ್ದಳು. ನಾನು ಮಗ್ಗುಲು ಬದಲಿಸಿದೆ. ಬೆಳಕು ಹರಿಯುವ ಹೊತ್ತಿಗೆ ಅಕ್ಕನ ಕೂಗು ಕೇಳಿ ಎದ್ದು ಓಡಿದೆ. ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ಕೈಕಾಲು ಅದುರುತ್ತಿತ್ತು. ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಭಾವ ಉಪ್ಪುನೀರು ಹೊಯ್ದು, ಬೆರಳು ಹಾಕಿ ವಾಂತಿ ಮಾಡಿಸಿದರು. ನಾನು ಬೇಡ ಅನ್ನುವಷ್ಟರಲ್ಲಿ ಆಗಿಹೋಗಿತ್ತು. ಮಗು ವಾಂತಿಯಲ್ಲೇ ಉಸಿರು ಕಟ್ಟಿ ನೀಲಿಯಾಗಿ, ಮತ್ತೆ ಗೊರಗೊರ ಉಸಿರಾಡಿತು.

ಲಗೇಜ್ ಆಟೋದ ಹಿಂದೆ ಕಂಬಳಿ ಹಾಸಿ ಮಗುವನ್ನು ಮಡಿಲಲ್ಲಿಟ್ಟುಕೊಂಡು, ದುಡ್ಡಿದ್ದ ನನ್ನ ಬ್ಯಾಗನ್ನೂ ಎತ್ತಿಕೊಂಡು ಹೊಸನಗರದ ಆಸ್ಪತ್ರೆಗೆ ಬಂದೆವು. ಆಕ್ಸಿಜನ್ ಹಾಕಿ, ಸೂಜಿ ಕೊಟ್ಟು, ಅಲ್ಲಿನ ಯುವ ವೈದ್ಯರು ಒಂದೇ ಸಮ ಕೇಳಿದರು. ಕಾಡಿಗೆ ಕರ್ಕೊಂಡು ಹೋಗಿದ್ರಾ? ಸುತ್ತ ಮಂಗ ಸತ್ತಿತ್ತಾ? ಸೀಮೆಎಣ್ಣೆ ಕುಡಿದಿತ್ತಾ? ಔಷಧಿ, ಎಣ್ಣೆ ಏನಾದ್ರೂ?

"ಎಣ್ಣೆ ನಾನು ಬಿಟ್ಟು ವರ್ಷದ ಮೇಲಾಯ್ತು ಸಾರ್," ಎಂದರು ಭಾವ. "ಮನೇಲಿ ಒಂದು ಕ್ವಾರ್ಟರೂ ಇಲ್ಲ. ಬೇಕಾದ್ರೆ ಇವಳನ್ನ ಕೇಳಿ."

ಇನ್ನೊಂದು ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದೆವು. ಅತ್ತೆ ಮುಂದೆ ಬಂದರು. "ಉಣುಗಿನ ಎಣ್ಣೆನೂ ಹಚ್ಲಿಲ್ಲ. ಅದು ದೊಡ್ಡೋರಿಗೆ."

"ಬಾಯಿಗೆ ಏನು ಕೊಟ್ರಿ ಬೆಳಿಗ್ಗೆ?"

"ಎಂತದೂ ಇಲ್ಲ. ಶೀತಕ್ಕೆ ಒಂಚೂರು ಸೊಪ್ಪಿನ ರಸ, ಜೇನುತುಪ್ಪದಾಗೆ."

ಸೊಪ್ಪಿನ ರಸ ಎಂದರೆ ನಮ್ಮ ಕಡೆ ದೊಡ್ಡಪತ್ರೆ, ಸಂಬಾರ ಸೊಪ್ಪು ಅಂತಲೂ ಅನ್ನುತ್ತಾರೆ. ಎಲೆ ಬಾಡಿಸಿ, ಹಿಂಡಿ, ಜೇನು ಸೇರಿಸಿ ಒಂದು ಚಮಚ. ಅದನ್ನು ಕುಡಿಯದೆ ಬೆಳೆದ ಮಗು ಮಲೆನಾಡಿನಲ್ಲಿಲ್ಲ. ನಾನೂ ಕುಡಿದಿದ್ದೇನೆ, ಆ ವೈದ್ಯರೂ ಕುಡಿದಿರಬೇಕು. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ನಾನೂ ತಲೆಯಾಡಿಸಿದೆ.

ಫಿಟ್ಸ್ ಮತ್ತೆ ಬಂತು. ಮಕ್ಕಳ ತಜ್ಞರು ಇರುವ ನರ್ಸಿಂಗ್ ಹೋಂ ತೀರ್ಥಹಳ್ಳಿಯಲ್ಲಿದೆ, ಕೂಡಲೇ ಹೊರಡಿ ಎಂದರು. ಆಂಬುಲೆನ್ಸಿನಲ್ಲಿ ನಾನು ಡ್ರೈವರ್ ಪಕ್ಕ ಕೂತೆ. ಅಕ್ಕ, ಭಾವ, ಅತ್ತೆ ಹಿಂದೆ. ನಾನು ಬಸ್ಸಿನ ಕಿಟಕಿಯಿಂದ ನೋಡುತ್ತ ಹೋಗಬೇಕಿದ್ದ ದಾರಿ ಅದು. ಹುಂಚದ ತಿರುವಿನಲ್ಲಿ ಮಠಕ್ಕೆ ಬಂದ ಯಾತ್ರಿಕರ ಗುಂಪೊಂದು ಕಾಯಿ, ಹೂವು ಹಿಡಿದು ರಸ್ತೆ ದಾಟುತ್ತಿತ್ತು. ನಮ್ಮ ಸದ್ದಿಗೆ ಎಲ್ಲರೂ ಬದಿಗೆ ಸರಿದು ನಿಂತರು. ಒಬ್ಬ ಅಜ್ಜಿ ನಮ್ಮ ಕಡೆ ನೋಡಿ ಕೈಮುಗಿದರು. ಹಿಂದಿನಿಂದ ಅಕ್ಕನ ದನಿ ಬರುತ್ತಿತ್ತು: "ಚಿನ್ನೀ, ಇಲ್ಲಿ ನೋಡೇ. ಚಿಕ್ಕಿ ಮುಂದೆ ಕೂತಿದಾಳೆ ನೋಡೇ."

ತೀರ್ಥಹಳ್ಳಿಯ ವೈದ್ಯರು ವಯಸ್ಸಾದವರು. ಮಗುವಿನ ಬಾಯಿಯ ಹತ್ತಿರ ಬಗ್ಗಿದವರು ಹಾಗೇ ಒಂದು ಕ್ಷಣ ನಿಂತರು.

"ನೀಲಗಿರಿ ಯಾರು ಕೊಟ್ಟಿದ್ದು?"

"ನನ್ನ ಬ್ಯಾಗಿನ ವಾಸನೆ ಸಾರ್," ಎಂದೆ.

"ಬ್ಯಾಗು ಹೊರಗಿದೆ. ಇದು ಉಸಿರಲ್ಲಿದೆ."

ಅಕ್ಕ, ಭಾವ ಮಗುವಿನ ಜೊತೆ ಒಳಗೆ ಹೋದರು. ಕಾರಿಡಾರಿನಲ್ಲಿ ಉಳಿದದ್ದು ನಾನು ಮತ್ತು ಅತ್ತೆ. ನಾನು ಪ್ರಶ್ನೆ ಬದಲಿಸಿದೆ. "ಅತ್ತೆ, ಯಾವ ಸೊಪ್ಪಿನ ರಸ ಕೊಟ್ರಿ?"

ಅವರು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚಿ ಕಂದು ಬಣ್ಣದ ಪುಟ್ಟ ಬಾಟಲಿ ತೆಗೆದರು. "ಇದೇ. ಹೋದ ಸಂತೇಲಿ ತಗೊಂಡೆ. ಬರೀ ಎಲೆ ರಸ ಅಮ್ಮ, ಕೆಮಿಕಲ್ ಒಂದು ಹನಿ ಇಲ್ಲ ಅಂದ. ಸಂಬಾರ ಸೊಪ್ಪು ಬಿಸಿಲಿಗೆ ಒಣಗೋಗಿದೆ ಈ ಸಲ. ಅದಕ್ಕೆ ಬದಲು ಇದು ಅಂತ. ದಾರೀಲಿ ಬೇಕಾದ್ರೆ ಇರ್ಲಿ ಅಂತ ತಂದೆ."

ಬಾಟಲಿಯ ಮೇಲಿದ್ದದ್ದು ಪೂರ್ತಿ ಇಂಗ್ಲಿಷ್, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ. ಸೇವಿಸಬಾರದು, ಮಕ್ಕಳಿಂದ ದೂರವಿಡಿ. ಆ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ, ಮತ್ತು ಆ ಬೆಳಿಗ್ಗೆ ನಾನು ಅಲ್ಲೇ ಮಲಗಿದ್ದೆ. ಹಿಂದಿನ ಸಂಜೆ ಅತ್ತೆಯ ಎದುರು ನಿಂತು ಎಲ್ಲ ಹೇಳಿದ್ದೆ. ತೈಲ ಅಂದೆ, ಎಣ್ಣೆ ಅಂದೆ. ರಸ ಎಂಬ ಮಾತು ನನ್ನ ಭಾಷಣದಲ್ಲಿ ಒಂದು ಕಡೆಯೂ ಇರಲಿಲ್ಲ. ಅವರು ಎಣ್ಣೆ ಕುಡಿಸಲಿಲ್ಲ. ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು.

ವೈದ್ಯರು ಬಾಟಲಿ ಕೈಗೆ ತೆಗೆದುಕೊಂಡು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ತೈಲದಿಂದಲೇ ಫಿಟ್ಸ್. ಅದಷ್ಟೇ ಆಗಿದ್ದರೆ ಕಾಯ್ದು ನೋಡಬಹುದಿತ್ತು. ವಾಂತಿ ಮಾಡಿಸಿದ್ದರಿಂದ ತೈಲ ಶ್ವಾಸಕೋಶಕ್ಕೆ ಹೋಗಿದೆ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ, ವಿಷಯ ಪತ್ರದಲ್ಲಿ ಬರೆಯುತ್ತೇನೆ, ಮನೆಯವರಿಗೆ ಹೇಳುವುದು ನಿಮಗೆ ಬಿಟ್ಟದ್ದು. ಕೊನೆಯ ಮಾತು ಮಾತ್ರ ಕನ್ನಡದಲ್ಲಿ ಹೇಳಿದರು: "ಓದಿದವರು ನೀವು ಮನೇಲಿ ಇದ್ರಲ್ಲ?"

ಮೆಷಿನ್ ಇದ್ದ ಬೇರೆ ಆಂಬುಲೆನ್ಸ್ ಬಂತು, ಇಬ್ಬರಿಗೇ ಜಾಗ. ಅಕ್ಕ, ಭಾವ ಹತ್ತಿದರು. ಗಾಡಿ ಆಗುಂಬೆಯ ಕಡೆ ತಿರುಗಿತು. ಅತ್ತೆ ಕೇಳಿದರು, "ಡಾಕ್ಟ್ರು ಇಂಗ್ಲಿಷಲ್ಲಿ ಎಂತ ಹೇಳಿದ್ರು?"

"ಎದೆಗೆ ಕಫ ಇಳಿದಿದೆಯಂತೆ."

"ಇಷ್ಟು ಹೇಳೋಕೆ ಅಷ್ಟು ಹೊತ್ತು ಬೇಕಾಯ್ತಾ?" ಎಂದರು.

ಸಂಘದ ಕಾರ್ಯದರ್ಶಿ ವಿಮಲಕ್ಕ ನಮ್ಮನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಮಗುವಿಗೆ ಹುಷಾರಿಲ್ಲ ಎಂದಷ್ಟೇ ಅವರಿಗೆ ಗೊತ್ತು. ಭಾವನ ಫೋನು ಎರಡು ಸಲ ಬಂತು: ಮೆಷಿನ್ ಹಾಕಿದಾರೆ, ಕಣ್ಣು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ವಿಮಲಕ್ಕ, "ಕಾರ್ಯಕ್ರಮ ಮುಂದೆ ಹಾಕೋಣ ಮಾರಾಯ್ತಿ, ಯಾರೂ ಎಂತ ಅಂದ್ಕೊಳ್ಳಲ್ಲ" ಎಂದರು. ನನಗೂ ಅದೇ ಬೇಕಿತ್ತು. ಅತ್ತೆ ಒಪ್ಪಲಿಲ್ಲ.

"ಹೋಗಿ ಹೇಳು. ಸುಮ್ನೆ ಕೂತ್ರೆ ಫೋನು ಬೇಗ ಬರ್ತದಾ? ನಾನೂ ಬರ್ತೀನಿ."

ತುಂಗೆಯ ಹತ್ತಿರದ ಒಂದು ಸಣ್ಣ ಸಭಾಂಗಣ. ಹೆಂಗಸರು ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಅವಲಕ್ಕಿ, ಕಾಫಿ ಆಯಿತು. ಅತ್ತೆ ಹಿಂದಿನ ಸಾಲಿನಲ್ಲಿ ಕೂತರು. ನಾನು ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಬಾಯಿಪಾಠ ಒಪ್ಪಿಸಿದಂತೆ ಹೇಳಿದೆ. ಲವಂಗದ ತೈಲ ಹಲ್ಲಿಗೆ ನೇರ ಒತ್ತಬೇಡಿ, ವಸಡು ಸುಡುತ್ತದೆ. ಹೊಸ ತೈಲವನ್ನು ಕೊಬ್ಬರಿ ಎಣ್ಣೆಯಲ್ಲಿ ತೆಳು ಮಾಡಿ ಮೊದಲು ಮೊಣಕೈಯ ಒಳಗೆ ಹಚ್ಚಿ ಒಂದು ದಿನ ನೋಡಿ. ಕೋಣೆಯಲ್ಲಿ ಪರಿಮಳ ಹಾಕಿದರೆ ಕಿಟಕಿ ತೆರೆದಿಡಿ. ದೀಪದ ಹತ್ತಿರ ಇಡಬೇಡಿ, ಬೆಂಕಿ ಹಿಡಿಯುತ್ತದೆ. ಬಸುರಿಯರು, ದಮ್ಮಿನವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಪ್ರಶ್ನೆ ಕೇಳಿ ಅಂದಾಗ ಮುಂದಿನ ಸಾಲಿನವರೊಬ್ಬರು ಎದ್ದರು. "ನಮ್ಮನೇರ ಗೊರಕೆಗೆ ಇದ್ರಲ್ಲಿ ಯಾವ್ದು ಮೇಡಂ? ಅವರ ಮೂಗಿಗೆ ಹಾಕೋದಾ, ನನ್ನ ಕಿವಿಗೆ ಹಾಕೋದಾ?" ಸಭೆ ಬಿದ್ದು ಬಿದ್ದು ನಕ್ಕಿತು. ಮತ್ತೊಬ್ಬರು ಕೂದಲು ಉದುರುವುದಕ್ಕೆ ಕೇಳಿದರು. ಇನ್ನೊಬ್ಬರಿಗೆ ಇದೆಲ್ಲ ಎಲ್ಲಿ ಕಡಿಮೆಗೆ ಸಿಗುತ್ತದೆ ಎಂದು ಬೇಕಿತ್ತು.

ಆಗ ಹಿಂದಿನ ಸಾಲಿನಲ್ಲಿ ಅತ್ತೆ ಎದ್ದು ನಿಂತರು. ಸೆರಗನ್ನು ಹೆಗಲ ತುಂಬ ಹೊದ್ದುಕೊಂಡು, ನನ್ನನ್ನು ಎಂದೂ ನೋಡಿಲ್ಲದವರ ಹಾಗೆ ಕೇಳಿದರು.

"ಎರಡೂವರೆ ವರ್ಷದ ಮಗೂಗೆ ಒಂದು ಚಮಚ ನೀಲಗಿರಿ ರಸ ಕುಡ್ಸಿದ್ರೆ ಎಂತ ಆಗ್ತದೆ ಟೀಚರೇ?"

"ಅಯ್ಯೋ ಅಜ್ಜೀ, ಯಾರು ಕುಡಿಸ್ತಾರೆ ಅದನ್ನ?" ಎಂದು ಯಾರೋ ನಕ್ಕರು.

"ಗೊತ್ತಿಲ್ದೋರು ಕುಡಿಸ್ತಾರಪ್ಪ," ಎಂದರು ಅತ್ತೆ. "ಹೇಳಿ ಟೀಚರೇ."

ಆ ಪ್ರಶ್ನೆಗೆ ಉತ್ತರ ನನ್ನ ಹಾಳೆಯಲ್ಲಿ ಮೊದಲಿನಿಂದಲೂ ಇತ್ತು. ಅವರು ನನಗೆ ಸುಳ್ಳು ಹೇಳಲು ಜಾಗ ಬಿಟ್ಟಿರಲಿಲ್ಲ; ಎದುರಿಗೆ ಅಷ್ಟು ಜನ ತಾಯಂದಿರಿದ್ದರು. ಹೇಳಿದೆ. ಅದು ರಸ ಅಲ್ಲ. ರಸ ಎಂದರೆ ನಾಲ್ಕು ಎಲೆ ಹಿಂಡಿದ್ದು; ಇದು ಹೊರೆಗಟ್ಟಲೆ ಎಲೆ ಸೇರಿ ಆದದ್ದು. ಮಗುವಿನ ಮಿದುಳಿಗೆ ಏರುತ್ತದೆ, ಮಂಪರು ಬರುತ್ತದೆ, ಫಿಟ್ಸ್ ಬರುತ್ತದೆ. ಯಾರೂ ಉಪ್ಪುನೀರು ಕುಡಿಸಬೇಡಿ, ವಾಂತಿ ಮಾಡಿಸಬೇಡಿ, ತೈಲ ಶ್ವಾಸಕ್ಕೆ ಹೋಗುತ್ತದೆ. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಮಾರುವವರು ರಸ ಅಂದರೂ, ಸಾರ ಅಂದರೂ, ಪರಿಮಳ ಅಂದರೂ ಬಾಯಿಗೆ ಹಾಕಬೇಡಿ.

"ಜೀವಕ್ಕೆ?"

"ಜೀವಕ್ಕೂ ಅಪಾಯ ಉಂಟು. ಉಳಿದ ಮಕ್ಕಳೂ ಇದ್ದಾರೆ."

"ಹೌದನಾ," ಎಂದು ಅತ್ತೆ ಕೂತರು. ಕೂರುವಾಗ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು. ಕಾರ್ಯಕ್ರಮ ಮುಗಿದಾಗ ಚಪ್ಪಾಳೆ ಬಿತ್ತು. ನನಗೊಂದು ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆದರು. ಹೊರಬರುವಾಗ ಗೊರಕೆಯ ಪ್ರಶ್ನೆ ಕೇಳಿದವರು ನನ್ನ ಕೈ ಹಿಡಿದು, "ತುಂಬ ಚೆನ್ನಾಗಿ ಮಾತಾಡ್ತೀರಿ" ಎಂದರು.

ಮಧ್ಯಾಹ್ನದ ಬಸ್ಸಿಗೆ ಹೊಸನಗರಕ್ಕೆ ಹೊರಟೆವು. ಬಿಸಿಲಿಗೆ ಸೀಟಿನ ರೆಕ್ಸಿನ್ ಸುಡುತ್ತಿತ್ತು. ಅತ್ತೆ ಕಿಟಕಿಯ ಪಕ್ಕ ಕೂತು ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ಇಡಲು ಬೇರೆ ಜಾಗ ಇರಲಿಲ್ಲ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವರು ಹೊರಗೆ ನೋಡಿದರು. ಹುಂಚದಲ್ಲಿ ಬಸ್ಸು ನಿಂತಿದ್ದಾಗ ಫೋನು ಬಂತು. ಭಾವ.

"ಸುಮಿತ್ರಾ, ಹೋಯ್ತು ಕಣೇ." ಹಿಂದೆ ಯಾವುದೋ ಬಾಗಿಲು ಮುಚ್ಚಿದ ಸದ್ದು. "ಇಲ್ಲಿ ಡಾಕ್ಟ್ರು ಎಲ್ಲ ಬಿಡಿಸಿ ಹೇಳಿದ್ರು, ನಂಗೂ, ಸರೋಜಂಗೂ. ಹುಲಿಕಲ್ ಘಾಟಿ ಮೇಲೆ ಬರ್ತಿದೀವಿ. ಅಮ್ಮಂಗೆ ಮಗು ಹೋಗಿದ್ದಷ್ಟೇ ಹೇಳು. ಆ ರಸದ ವಿಷ್ಯ ಹೇಳ್ಬ್ಯಾಡ, ತಡ್ಕೊಳ್ಳಲ್ಲ. ವಾಂತಿ ಮಾಡ್ಸಿದ್ದು ನಾನೇ ಅಲ್ವಾ."

ಫೋನು ಇಟ್ಟು ಅತ್ತೆಯ ಕಡೆ ತಿರುಗಿದೆ. ಅವರು ನನ್ನ ಮುಖ ನೋಡಿ ಕಣ್ಣು ಮುಚ್ಚಿಕೊಂಡರು.

ಹೊಸನಗರದಲ್ಲಿ ಇಳಿದು ಆಟೋ ಕರೆದೆ. ಅತ್ತೆ ಹತ್ತಲಿಲ್ಲ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು.

"ನಾ ಬರಲ್ಲ. ನೀ ಹೋಗಿ ಮನೆ ಬಾಗಿಲು ತೆಗಿ."

"ಅತ್ತೆ, ಎಲ್ಲಿಗೆ ಹೋಗ್ತೀರಿ ನೀವು?"

"ಎಲ್ಲಿಗೂ ಇಲ್ಲ. ಇಲ್ಲೇ ಇರ್ತೀನಿ." ಆಮೇಲೆ ಕೇಳಿದರು, "ಸರೋಜಂಗೆ ಗೊತ್ತಾಗಿದೆಯಾ?"

"ಗೊತ್ತಾಗಿದೆ."

"ಎಂತ ಅಂದ್ಳು?"

"ಅವಳು ಫೋನಲ್ಲಿ ಮಾತಾಡ್ಲಿಲ್ಲ."

ನಾನೂ ಅವರ ಪಕ್ಕ ಕೂತೆ. ಆಟೋದವನು ಸ್ವಲ್ಪ ಹೊತ್ತು ಕಾದು ಬೇರೆ ಬಾಡಿಗೆಗೆ ಹೋದ. ಸಾಗರದ ಬಸ್ಸು ಬಂತು, ಹೋಯಿತು. ನೆರೆಮನೆಯಲ್ಲಿರುವ ಕೀಲಿಕೈಯಲ್ಲಿ ಬಾಗಿಲು ತೆಗೆಯಲು ಯಾರಿಗಾದರೂ ಹೇಳಬೇಕು, ಅಂಗಳದಲ್ಲಿ ನಾಲ್ಕು ಕುರ್ಚಿ ಹಾಕಿಸಬೇಕು ಎಂದು ತಲೆ ತನ್ನ ಪಾಡಿಗೆ ಓಡುತ್ತಿತ್ತು. ಅತ್ತೆಯನ್ನು ಬಿಟ್ಟು ಹೋಗಲಿಲ್ಲ.

ಬಿಸಿಲು ಇಳಿಯುವಾಗ ಘಾಟಿಯ ಕಡೆಯಿಂದ ಬಿಳಿ ಆಂಬುಲೆನ್ಸ್ ಬಂತು. ನಿಲ್ದಾಣದ ಮುಂದಿನ ರಸ್ತೆಯುಬ್ಬಿನಲ್ಲಿ ಅದು ನಿಧಾನ ಮಾಡಿದಾಗ ಮುಂದಿನ ಸೀಟಿನಲ್ಲಿ ಭಾವ ಕಂಡರು. ಅವರು ನಮ್ಮನ್ನು ನೋಡಲಿಲ್ಲ. ಗಾಡಿ ದಾಟಿಹೋಯಿತು.

ಅತ್ತೆ ಹಣ್ಣಿನ ಬುಟ್ಟಿಯನ್ನು ಬೆಂಚಿನ ಮೇಲೆ ಬಿಟ್ಟು ಎದ್ದರು. ಯಾರನ್ನೂ ಕೇಳದೆ ರಸ್ತೆಗೆ ಇಳಿದು ಗಾಡಿ ಹೋದ ದಿಕ್ಕಿಗೆ ನಡೆಯತೊಡಗಿದರು. ಚಪ್ಪಲಿ ಒಂದು ಕಾಲಿನಿಂದ ಜಾರಿತು, ಎತ್ತಿಕೊಳ್ಳಲಿಲ್ಲ. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ಹಿಂದೆ ಹೊರಟೆ.